ಗಂಡುದನಿ, ಹೆಣ್ಣುದನಿ ಮತ್ತು ನಡುವೆ ಕೆಡುವ ಮಾತು

ದನಿಯ ಆರೈಕೆಯ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದ ಉತ್ತರಕ್ಕೆ ಬಂದ ಪತ್ರಗಳಲ್ಲಿ ಗಂಟಲಿನ ಕಾಯಿಲೆಯ ವಿಷಯ ಕಡಿಮೆ ಇತ್ತು. ಗಂಡ-ಹೆಂಡಿರ ನಡುವೆ, ಕಚೇರಿಯಲ್ಲಿ, ಫೋನಿನಲ್ಲಿ ದನಿಯಿಂದಾಗಿ ಹುಟ್ಟುವ ಮುನಿಸಿನ ವಿಷಯವೇ ಹೆಚ್ಚಿತ್ತು. ಒಂದನ್ನೊಂದು ಹೋಲುವ ಪ್ರಶ್ನೆಗಳನ್ನು ಕೂಡಿಸಿ, ಕೇಳಿದವರ ಹೆಸರು ಬಿಟ್ಟು, ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ತವರು ಬೈಂದೂರು, ಗಂಡನ ಮನೆ ಮಂಗಳೂರು. ನಮ್ಮವರ ದನಿ ಮೊದಲೇ ದಪ್ಪ. “ಒಂದು ಚಾ ಮಾಡು” ಎಂದರೂ ಗದರಿದಂತೆ ಕೇಳುತ್ತದೆ. ಹಾಗೆಂದು ಹೇಳಿದರೆ, “ನಾನು ಸರಿಯಾಗಿಯೇ ಹೇಳಿದ್ದು, ನಿನ್ನದೇ ಯಾವಾಗಲೂ ಜಗಳದ ದನಿ” ಎನ್ನುತ್ತಾರೆ. ನನ್ನ ಮಾತು ಖಾರ ಎಂಬ ಅಸಮಾಧಾನ ಅತ್ತೆಯವರಿಗೂ ಇದೆ. ತಪ್ಪು ಯಾರದ್ದು?
— ಗೃಹಿಣಿ, ಮಂಗಳೂರು

ಉತ್ತರ: ತಪ್ಪು ಹುಡುಕುವ ಮೊದಲು ಗಂಟಲನ್ನು ನೋಡೋಣ. ವಯಸ್ಕ ಗಂಡಸರ ಧ್ವನಿತಂತುಗಳು ಸುಮಾರು 17ರಿಂದ 25 ಮಿಲಿಮೀಟರ್ ಉದ್ದವಿದ್ದರೆ ಹೆಂಗಸರವು ಸುಮಾರು 12.5ರಿಂದ 17.5 ಮಿಲಿಮೀಟರ್ ಇರುತ್ತವೆ. ಉದ್ದವೂ ದಪ್ಪವೂ ಆದ ತಂತು ನಿಧಾನವಾಗಿ ಕಂಪಿಸುವುದರಿಂದ, ಸಾಮಾನ್ಯ ಮಾತಿನಲ್ಲಿ ಗಂಡಸರ ತಂತುಗಳು ಸೆಕೆಂಡಿಗೆ 120 ಸಲದ ಆಸುಪಾಸಿನಲ್ಲಿಯೂ ಹೆಂಗಸರವು 200 ಸಲದ ಆಸುಪಾಸಿನಲ್ಲಿಯೂ ಕಂಪಿಸುತ್ತವೆ. ನಿಮ್ಮವರ ದನಿ ದಪ್ಪವಾಗಿರುವುದು ಅವರ ಸ್ವಭಾವದಿಂದ ಅಲ್ಲ, ಹದಿಹರೆಯದಲ್ಲಿ ಬೆಳೆದ ಧ್ವನಿಪೆಟ್ಟಿಗೆಯಿಂದ. ಆದರೆ ಕೇಳುವ ನಾವು ಹಾಗೆ ಬಿಡಿಸಿ ಕೇಳುವುದಿಲ್ಲ. ತಗ್ಗಿದ ದನಿ ಕಿವಿಗೆ ಬಿದ್ದೊಡನೆ ಅಧಿಕಾರ, ಏರಿದ ದನಿ ಬಿದ್ದೊಡನೆ ಕಳವಳ ಅಥವಾ ಸಿಟ್ಟು ಎಂದು ಮನಸ್ಸು ಮೊದಲೇ ತೀರ್ಮಾನಿಸಿಬಿಡುತ್ತದೆ. ಶಬ್ದಗಳ ಅರ್ಥ ಆಮೇಲೆ ಬರುತ್ತದೆ.

“ನಾನು ಸರಿಯಾಗಿಯೇ ಹೇಳಿದ್ದು” ಎಂಬ ಅವರ ಮಾತು ಸುಳ್ಳಲ್ಲ. ನಮ್ಮ ದನಿ ನಮಗೆ ಗಾಳಿಯ ಮೂಲಕ ಮಾತ್ರವಲ್ಲದೆ ತಲೆಬುರುಡೆಯ ಎಲುಬಿನ ಮೂಲಕವೂ ಒಳಕಿವಿಯನ್ನು ಮುಟ್ಟುತ್ತದೆ, ಆ ದಾರಿಯಲ್ಲಿ ತಗ್ಗಿನ ಕಂಪನಗಳು ಚೆನ್ನಾಗಿ ಸಾಗುವುದರಿಂದ ನಮಗೆ ನಮ್ಮ ದನಿ ತುಂಬಿಕೊಂಡು, ಹದವಾಗಿ ಕೇಳುತ್ತದೆ. ಎದುರಿಗಿದ್ದವರಿಗೆ ಆ ಹದ ಸಿಗುವುದಿಲ್ಲ. ಮೊಬೈಲಿನಲ್ಲಿ ತಮ್ಮದೇ ವಾಯ್ಸ್ ಮೆಸೇಜ್ ಕೇಳಿ “ಇದು ನಾನಾ?” ಎಂದು ಮುಖ ಕಿವಿಚದವರು ಕಡಿಮೆ. ವಾದ ಮಾಡುವ ಬದಲು ಒಂದು ದಿನ ಸಂಜೆಯ ಅರ್ಧ ಗಂಟೆಯ ಮಾತನ್ನು ಇಬ್ಬರ ಒಪ್ಪಿಗೆಯಿಂದ ಮೊಬೈಲಿನಲ್ಲಿ ಹಿಡಿದು, ಮರುದಿನ ಒಟ್ಟಿಗೆ ಕೂತು ಕೇಳಿ. ಜಗಳವಾದ ದಿನದ್ದು ಬೇಡ. ಏನೂ ಆಗದ ದಿನದ್ದೇ ಇರಲಿ.

ಇನ್ನು ಅಡುಗೆಮನೆ. ಮಿಕ್ಸಿ ಓಡುತ್ತಿರುತ್ತದೆ, ಜಗಲಿಯಲ್ಲಿ ಟಿವಿ ಇರುತ್ತದೆ, ಆಟಿ ತಿಂಗಳಾದರೆ ಹಿಂಬದಿಯ ತಗಡಿನ ಮಾಡಿನ ಮೇಲೆ ಮಳೆ ಸುರಿಯುತ್ತಿರುತ್ತದೆ. ಸುತ್ತಲಿನ ಸದ್ದು ಹೆಚ್ಚಾದಾಗ ಮನುಷ್ಯ ತನಗರಿವಿಲ್ಲದೆಯೇ ದನಿ ಎತ್ತುತ್ತಾನೆ ಎಂಬುದನ್ನು ಫ್ರೆಂಚ್ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿ ಗುರುತಿಸಿದ, ಇಂದಿಗೂ ಅದು ಅವನ ಹೆಸರಿನಲ್ಲಿಯೇ ಇದೆ. ಗಮನಿಸಬೇಕಾದ್ದೇನೆಂದರೆ, ದನಿ ಗಟ್ಟಿಯಾಗುವಾಗ ಅದರ ಸ್ಥಾಯಿಯೂ (ಎತ್ತರವೂ) ಜೊತೆಗೇ ಏರುತ್ತದೆ, ಸ್ವರಗಳು ಎಳೆಯುತ್ತವೆ. ಹೀಗೆ ಎತ್ತಿದ ಹೆಣ್ಣುದನಿ ಜಗಳದ ದನಿಯಾಗಿಯೂ, ಎತ್ತಿದ ಗಂಡುದನಿ ಗದರಿಕೆಯಾಗಿಯೂ ಮುಂದಿನ ಕೋಣೆಗೆ ತಲುಪುತ್ತದೆ. ಅಲ್ಲಿ ಸಿಟ್ಟೇ ಇರುವುದಿಲ್ಲ, ಗೋಡೆ ಮಾತ್ರ ಇರುತ್ತದೆ. ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಕೂಗಿ ಮಾತನಾಡುವುದನ್ನು ಇಬ್ಬರೂ ನಿಲ್ಲಿಸಿದರೆ ನಿಮ್ಮ ಅರ್ಧ ದೂರು ಕಳೆಯಬಹುದು.

ಅತ್ತೆಯವರ ವಿಷಯ ಬೇರೆ, ಅದಕ್ಕೂ ಗಂಡು-ಹೆಣ್ಣಿಗೂ ಸಂಬಂಧವಿಲ್ಲ. ಬೈಂದೂರು, ಕುಂದಾಪುರದ ಕನ್ನಡ ಪದಗಳ ಬಾಲ ಕತ್ತರಿಸಿ ಓಡುತ್ತದೆ: ಹೋಗಬೇಕು ಎಂಬುದು ‘ಹೋಯ್ಕ್’, ಬರಬೇಕು ಎಂಬುದು ‘ಬರ್ಕ್’. ಮನೆಯಲ್ಲಿ ತುಳುವಾಡಿ ಹೊರಗೆ ಕನ್ನಡವಾಡುವ ಮಂಗಳೂರಿನವರು ಪದಗಳನ್ನು ಪೂರ್ತಿ ಉಚ್ಚರಿಸುತ್ತಾರೆ, ಆಜ್ಞೆಯ ಮೊನೆಯನ್ನು ‘ಮಾರಾಯ್ತಿ’, ‘ಆಯ್ತಾ’ ಎಂದು ಸೇರಿಸಿ ಮೊಂಡು ಮಾಡುತ್ತಾರೆ. ಅವರ ಕಿವಿಗೆ ನಿಮ್ಮೂರಿನ ವೇಗವೇ ಖಾರ. ನಿಮ್ಮವರಿಗೂ ಇದೇ ಮಾತು ಹೇಳಬಹುದು: ಬರೀ “ಚಾ ಮಾಡು” ಎಂದು ತಗ್ಗಿನಲ್ಲಿ ಮುಗಿಸಿದರೆ ದಪ್ಪ ದನಿಯಲ್ಲಿ ಅದು ಆಜ್ಞೆಯೇ. ಕೊನೆಯಲ್ಲಿ ಒಂದು ‘ಮಾರಾಯ್ತಿ’ ಸೇರಲಿ, ಗಂಟಲನ್ನು ಯಾರೂ ತಿದ್ದಬೇಕಾಗಿಲ್ಲ.

ಪ್ರಶ್ನೆ: ಮಗನಿಗೆ 19 ವರ್ಷ. ಗಡ್ಡ ಮೀಸೆ ಬಂದಿದೆ, ದನಿ ಮಾತ್ರ ಒಡೆದಿಲ್ಲ. ಫೋನ್ ಎತ್ತಿದರೆ ಆಚೆ ಕಡೆಯವರು “ಅಕ್ಕಾ, ಅಣ್ಣನಿಗೆ ಕೊಡಿ” ಎನ್ನುತ್ತಾರೆ. ಈಗ ಕಾಲೇಜಿನಲ್ಲಿ ಹುಡುಗಿಯರ ಎದುರು ಬಾಯಿ ಬಿಡುವುದನ್ನೇ ನಿಲ್ಲಿಸಿದ್ದಾನೆ.
— ತಾಯಿ, ಮೂಲ್ಕಿ

ಉತ್ತರ: ಇದಕ್ಕೆ ಪ್ಯೂಬರ್‌ಫೋನಿಯಾ ಎನ್ನುತ್ತಾರೆ, ಮತ್ತು ದನಿಯ ತೊಂದರೆಗಳಲ್ಲಿ ಇಷ್ಟು ಚೆನ್ನಾಗಿ ಗುಣವಾಗುವಂಥದ್ದು ಕಡಿಮೆ. ಹುಡುಗರಲ್ಲಿ ಟೆಸ್ಟೋಸ್ಟೆರಾನ್‌ನಿಂದಾಗಿ ಧ್ವನಿಪೆಟ್ಟಿಗೆ ಬೆಳೆದು ದನಿ ಹೆಚ್ಚುಕಡಿಮೆ ಒಂದು ಸಪ್ತಕದಷ್ಟು, ಅಂದರೆ ಮೇಲಿನ ‘ಸ’ದಿಂದ ಕೆಳಗಿನ ‘ಸ’ದವರೆಗೆ, ಇಳಿಯುತ್ತದೆ. ನಿಮ್ಮ ಮಗನಿಗೆ ಪೆಟ್ಟಿಗೆ ಬೆಳೆದಿರುವ ಸಾಧ್ಯತೆಯೇ ಹೆಚ್ಚು, ಆದರೆ ಅದನ್ನು ಮೇಲಕ್ಕೆತ್ತಿ, ತಂತುಗಳನ್ನು ಎಳೆದು ಹಿಡಿದು ಮಾತನಾಡುವ ಬಾಲ್ಯದ ಅಭ್ಯಾಸ ಉಳಿದುಬಿಟ್ಟಿದೆ. ಅವನು ಕೆಮ್ಮುವಾಗ ಕಿವಿಗೊಟ್ಟು ಕೇಳಿ. ಕೆಮ್ಮು ಗಂಡಸಿನದ್ದಾಗಿದ್ದರೆ ದನಿಯೂ ಒಳಗೆ ಸಿದ್ಧವಾಗಿದೆ ಎಂದರ್ಥ. ಮೊದಲು ಕಿವಿ-ಮೂಗು-ಗಂಟಲಿನ ವೈದ್ಯರು ಧ್ವನಿಪೆಟ್ಟಿಗೆಯನ್ನು ನೋಡಲಿ, ನಂತರ ಸ್ಪೀಚ್ ಥೆರಪಿಸ್ಟ್ ಬಳಿ ಹೋಗಿ. ಅವರು ಗಂಟಲಿನ ಗಂಟನ್ನು ಬೆರಳಿನಿಂದ ಮೆಲ್ಲಗೆ ಕೆಳಕ್ಕೊತ್ತಿ, ಕೆಮ್ಮಿನಿಂದ ಸ್ವರಕ್ಕೆ, ಸ್ವರದಿಂದ ಮಾತಿಗೆ ದಾಟಿಸುತ್ತಾರೆ. ಎಷ್ಟೋ ಹುಡುಗರಿಗೆ ಮೊದಲ ಕೆಲವು ಭೇಟಿಗಳಲ್ಲಿಯೇ ಹೊಸ ದನಿ ಬರುತ್ತದೆ. ಅದನ್ನು ಮನೆಯಲ್ಲಿ, ಬಸ್ಸಿನಲ್ಲಿ, ಗೆಳೆಯರ ಎದುರಿನಲ್ಲಿ ಬಳಸಲು ಧೈರ್ಯ ಬರುವುದಕ್ಕೆ ಅದಕ್ಕಿಂತ ಹೆಚ್ಚು ಕಾಲ ಬೇಕು. ಆ ದಿನಗಳಲ್ಲಿ ನೆಂಟರಿಷ್ಟರು “ಓಹೋ, ಗಂಡಸಾದ!” ಎಂದು ಕೆಣಕದಂತೆ ನೋಡಿಕೊಳ್ಳುವುದು ನಿಮ್ಮ ಕೆಲಸ.

ಪ್ರಶ್ನೆ: ನಾನು ಮಣಿಪಾಲದಲ್ಲಿ ಕೆಲಸ ಮಾಡುವವಳು. ಕಚೇರಿಯ ತರಬೇತಿಯೊಂದರಲ್ಲಿ “ಮಾತಿನ ಪರಿಣಾಮದಲ್ಲಿ ಶಬ್ದಗಳದ್ದು ಶೇಕಡಾ 7 ಮಾತ್ರ, 38 ದನಿಯದ್ದು, 55 ಮುಖಭಾವದ್ದು” ಎಂದು ಹೇಳಿಕೊಟ್ಟರು. ನನ್ನ ದನಿ ಕೀರಲು, ಗಂಡಸರು ಗಂಭೀರವಾಗಿ ತೆಗೆದುಕೊಳ್ಳಬೇಕಾದರೆ ತಗ್ಗಿಸಬೇಕು ಎಂದರು. ಮೀಟಿಂಗಿನಲ್ಲಿ ನನ್ನ ಮಾತು ಮುಗಿಯುವ ಮೊದಲೇ ಬಾಯಿ ಹಾಕುವವರಿದ್ದಾರೆ ಎಂಬುದು ನಿಜ. ದನಿ ತಗ್ಗಿಸಿಕೊಳ್ಳಲೇ?
— ಓದುಗಿ, ಮಣಿಪಾಲ

ಉತ್ತರ: ಮೊದಲು ಆ ಅಂಕಿಗಳನ್ನು ಪಕ್ಕಕ್ಕಿಡಿ. ಅವು ಆಲ್ಬರ್ಟ್ ಮೆಹ್ರಾಬಿಯನ್ ಎಂಬ ಮನಶ್ಶಾಸ್ತ್ರಜ್ಞ 1967ರಲ್ಲಿ ಸಹೋದ್ಯೋಗಿಗಳೊಡನೆ ಪ್ರಕಟಿಸಿದ ಎರಡು ಪ್ರಯೋಗಗಳಿಂದ ಬಂದವು. ಬಿಡಿ ಬಿಡಿ ಶಬ್ದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಚಿತ್ರ ತೋರಿಸಿ, ಹೇಳಿದವರಿಗೆ ಎದುರಿನವರ ಮೇಲೆ ಇಷ್ಟವಿದೆಯೋ ಇಲ್ಲವೋ ಎಂದು ಊಹಿಸಲು ಹೇಳಿದ್ದರು. ಶಬ್ದ ಒಂದು, ದನಿ ಇನ್ನೊಂದು ಹೇಳುವಾಗ ಪ್ರೀತಿ-ಅಪ್ರೀತಿಯನ್ನು ಯಾವುದರಿಂದ ಅಳೆಯುತ್ತೇವೆ ಎಂಬಷ್ಟಕ್ಕೇ ಅದು ಸೀಮಿತ ಎಂದು ಅವರೇ ಹೇಳಿದ್ದಾರೆ. ನೀವು ಮೀಟಿಂಗಿನಲ್ಲಿ ಮುಂದಿನ ತ್ರೈಮಾಸಿಕದ ಖರ್ಚು ವಿವರಿಸುವಾಗ ಶಬ್ದಕ್ಕೆ ಶೇಕಡಾ 7 ಬೆಲೆ ಎನ್ನುವುದು ತರಬೇತಿಯವರ ಅನುಕೂಲಕ್ಕೆ ಹುಟ್ಟಿದ ಮಾತು.

ಆದರೂ ತಗ್ಗಿದ ದನಿಯ ಕಡೆಗೆ ಕೇಳುಗರ ಒಲವು ಇದೆ ಎಂಬುದನ್ನು ಅಲ್ಲಗಳೆಯಲಾಗದು. ಅಮೆರಿಕದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಗಂಡಸರಿಂದಲೂ ಹೆಂಗಸರಿಂದಲೂ ಮತ ಕೇಳುವ ಒಂದೇ ವಾಕ್ಯವನ್ನು ಹೇಳಿಸಿ, ಕಂಪ್ಯೂಟರಿನಲ್ಲಿ ಅದೇ ದನಿಯನ್ನು ಸ್ವಲ್ಪ ಏರಿಸಿಯೂ ಸ್ವಲ್ಪ ಇಳಿಸಿಯೂ ಕೇಳಿಸಿದಾಗ, ಕೇಳಿದ ಗಂಡಸರೂ ಹೆಂಗಸರೂ ಹೆಚ್ಚಾಗಿ ಇಳಿಸಿದ ದನಿಗೇ ಮತ ಹಾಕಿದರು. ಹೆಣ್ಣುದನಿಗಳಲ್ಲಿಯೂ ಹಾಗೆಯೇ. ಬ್ರಿಟನ್ನಿನ ಮಾರ್ಗರೆಟ್ ಥ್ಯಾಚರ್ 1979ರಲ್ಲಿ ಪ್ರಧಾನಿಯಾಗುವ ಮೊದಲೇ ಶಿಕ್ಷಕರನ್ನಿಟ್ಟುಕೊಂಡು ದನಿ ತಗ್ಗಿಸಿಕೊಂಡದ್ದು ಇದೇ ಒಲವಿಗೆ ಮಣಿದು. ಇದು ಕೇಳುಗರ ಪೂರ್ವಗ್ರಹ. ಅದರ ದಂಡವನ್ನು ಹೇಳುವವಳ ಗಂಟಲೇ ತೆರಬೇಕಾದದ್ದು ನ್ಯಾಯವಲ್ಲ ಎಂದು ನನ್ನ ಅಭಿಪ್ರಾಯ.

‘ಕೀರಲು’ ಎಂಬ ಬಿರುದಿಗೆ ಯಂತ್ರದ ಪಾಲೂ ಇದೆ. 1920ರ ದಶಕದ ರೇಡಿಯೋ ಮೈಕುಗಳು ಮತ್ತು ಪ್ರಸಾರ ವ್ಯವಸ್ಥೆ ಗಂಡಸರ ದನಿಗೆ ಹೊಂದುವಂತಿದ್ದವು. ಹೆಂಗಸರ ದನಿಯ ಮೇಲಿನ ಪದರಗಳನ್ನು (ಎತ್ತರದ ಕಂಪನಗಳನ್ನು), ಅದರಲ್ಲೂ ವ್ಯಂಜನಗಳ ಸೂಕ್ಷ್ಮವನ್ನು, ಅವು ಕತ್ತರಿಸಿಬಿಡುತ್ತಿದ್ದವು. ಉಳಿದದ್ದನ್ನು ಕೇಳಿದವರು ಹೆಂಗಸರ ದನಿಯೇ ಪ್ರಸಾರಕ್ಕೆ ಹೇಳಿದ್ದಲ್ಲ ಎಂದರು. ಆಮೇಲೆ ಉಪಕರಣ ಸುಧಾರಿಸಿತು, ಆಕಾಶವಾಣಿಯಲ್ಲಿ ಹೆಂಗಸರು ವಾರ್ತೆ ಓದುವುದನ್ನು ಕೇಳುತ್ತಲೇ ನಮ್ಮಲ್ಲಿ ಎರಡು ಮೂರು ತಲೆಮಾರು ಬೆಳೆಯಿತು, ಬಿರುದು ಮಾತ್ರ ಉಳಿದುಕೊಂಡಿತು. ದನಿಯ ಎತ್ತರವನ್ನು ಗಂಟಲು ಮಾತ್ರವೇ ನಿರ್ಧರಿಸುವುದಿಲ್ಲ ಎಂಬುದಕ್ಕೂ ಸಾಕ್ಷಿ ಇದೆ. ಆಸ್ಟ್ರೇಲಿಯಾದಲ್ಲಿ 1945ರಲ್ಲಿ ಮುದ್ರಿಸಿಟ್ಟ ತರುಣಿಯರ ದನಿಯನ್ನು 1993ರ ತರುಣಿಯರ ದನಿಯೊಂದಿಗೆ ಹೋಲಿಸಿದಾಗ ಸರಾಸರಿ 229 ಹರ್ಟ್ಸ್‌ನಿಂದ (ಹರ್ಟ್ಸ್ ಎಂದರೆ ಸೆಕೆಂಡಿಗೆ ಆಗುವ ಕಂಪನಗಳ ಲೆಕ್ಕ) 206ಕ್ಕೆ ಇಳಿದಿತ್ತು. ಅರ್ಧ ಶತಮಾನದಲ್ಲಿ ಧ್ವನಿತಂತು ಬದಲಾಗುವುದಿಲ್ಲ. ಹೆಂಗಸರು ನಿಂತು ಮಾತನಾಡುವ ಜಾಗ ಬದಲಾಗಿತ್ತು.

ಹಾಗಾದರೆ ನೀವೇನು ಮಾಡಬೇಕು? ಗಂಟಲನ್ನು ಒತ್ತಿ ದನಿ ತಗ್ಗಿಸಬೇಡಿ. ಹಾಗೆ ದಿನವಿಡೀ ಮಾತನಾಡಿದರೆ ಸಂಜೆಗೆ ಗಂಟಲು ನೋಯುತ್ತದೆ, ದನಿ ಗೊಗ್ಗರಾಗುತ್ತದೆ. ಧ್ವನಿತಂತುವಿನ ಮೇಲೆ ಗಂಟುಗಳಾಗುವುದು ವಯಸ್ಕರಲ್ಲಿ ಹೆಂಗಸರಿಗೇ ಹೆಚ್ಚು. ಅವರ ತಂತುಗಳು ಸೆಕೆಂಡಿಗೆ ಹೆಚ್ಚು ಸಲ ಒಂದಕ್ಕೊಂದು ತಾಗುತ್ತವೆ ಎಂಬುದು ಅದಕ್ಕೊಂದು ಕಾರಣ, ಶಿಕ್ಷಕಿಯರಿಗೆ ಇದು ಚೆನ್ನಾಗಿ ಗೊತ್ತು. ಬದಲಾಯಿಸಬಹುದಾದದ್ದು ಬೇರೆ ಇದೆ. ಉಸಿರು ಪೂರ್ತಿ ತೆಗೆದುಕೊಂಡು ಆರಂಭಿಸಿ, ಯಾಕೆಂದರೆ ಉಸಿರು ಮುಗಿದ ಮೇಲೂ ಎಳೆಯುವ ವಾಕ್ಯದ ಕೊನೆಯಲ್ಲಿಯೇ ದನಿ ತೆಳ್ಳಗಾಗುತ್ತದೆ. ನಮ್ಮ ಕಡೆ ಪ್ರತಿ ವಾಕ್ಯಕ್ಕೂ ‘ಅಲ್ವಾ?’ ಎಂದು ಬಾಲ ಹಚ್ಚುವ ರೂಢಿ ಇದೆ. ನೀವು ಅದನ್ನು ಎಲ್ಲರನ್ನೂ ಒಳಗೊಳ್ಳಲು ಹೇಳುತ್ತೀರಿ, ಎದುರಿನ ಗಂಡಸು ಅದನ್ನು ಸಂಶಯವೆಂದೋ ತನ್ನ ಸರದಿ ಬಂತೆಂದೋ ತೆಗೆದುಕೊಂಡು ಬಾಯಿ ಹಾಕುತ್ತಾನೆ. ಮುಖ್ಯವಾದ ವಾಕ್ಯವನ್ನು ‘ಅಲ್ವಾ’ ಇಲ್ಲದೆ, ಇಳಿದನಿಯಲ್ಲಿ ಮುಗಿಸಿ, ಒಂದು ಕ್ಷಣ ಸುಮ್ಮನಿರಿ. ಬಾಯಿ ಹಾಕಿದರೆ ದನಿ ಏರಿಸದೆ, ನಿಲ್ಲಿಸಿದ ಶಬ್ದದಿಂದಲೇ ಮತ್ತೆ ಆರಂಭಿಸಿ.

ಸಭಾಂಗಣದ ಮೈಕಿನ ಬಗ್ಗೆಯೂ ಒಂದು ಮಾತು. ನಿಮಗಿಂತ ಮುಂಚೆ ಮಾತನಾಡಿದ ಎತ್ತರದ ಗಂಡಸು ಬಗ್ಗುವ ಮೈಕಿನ ಕುತ್ತಿಗೆಯನ್ನು ಮೇಲಕ್ಕೆತ್ತಿ ಹೋಗಿರುತ್ತಾನೆ. ಸಂಕೋಚಕ್ಕೆ ಅದನ್ನು ಮುಟ್ಟದೆ ಗಲ್ಲ ಎತ್ತಿ ಮಾತನಾಡಿದರೆ ಧ್ವನಿಪೆಟ್ಟಿಗೆಯೂ ಮೇಲೇರಿ ದನಿ ಇನ್ನಷ್ಟು ಸಣ್ಣಗಾಗುತ್ತದೆ, ಮೈಕಿಗೆ ದೂರವಾದ್ದರಿಂದ ಕೂಗಬೇಕಾಗುತ್ತದೆ. ಮೊದಲ ಕೆಲಸವಾಗಿ ಮೈಕನ್ನು ಬಾಯಿಯ ಮಟ್ಟಕ್ಕೆ, ಒಂದು ಗೇಣಿನೊಳಗೆ, ಬಗ್ಗಿಸಿಕೊಳ್ಳಿ. ಸಭೆ ಅಷ್ಟು ಹೊತ್ತು ಕಾಯುತ್ತದೆ.

ಪ್ರಶ್ನೆ: ನಾನು ಕುವೈತಿನಲ್ಲಿದ್ದೇನೆ, ಮನೆಯವಳು ಊರಿನಲ್ಲಿ. ರಜೆಗೆ ಬಂದಾಗ ನಮ್ಮ ನಡುವೆ ಮಾತಿಗೆ ಮಾತು ಬೆಳೆಯುವುದಿಲ್ಲ. ಫೋನಿನಲ್ಲಿ ಮಾತ್ರ ವಾರಕ್ಕೊಂದು ಜಗಳ. “ನೀವು ಹೂಂ ಅಂದಿರಲ್ಲ, ಈಗ ಇಲ್ಲ ಅಂತೀರಾ?” ಎನ್ನುತ್ತಾಳೆ. ಕೆಲವೊಮ್ಮೆ “ಹೇಳಿದ ಕೂಡಲೇ ಉತ್ತರ ಕೊಡಲಿಲ್ಲ, ಮನಸ್ಸಿಲ್ಲ ಅಂತ ಗೊತ್ತಾಯಿತು” ಎನ್ನುತ್ತಾಳೆ.
— ಓದುಗ, ಮೂಡುಬಿದಿರೆ ಕಡೆಯವನು

ಉತ್ತರ: ನಿಮ್ಮ ಮನೆಯವಳ ಎರಡನೆಯ ದೂರಿಗೆ ಕಾರಣ ನಿಮ್ಮ ಮನಸ್ಸಿನಲ್ಲಿ ಇಲ್ಲ, ಫೋನಿನ ಜಾಲದಲ್ಲಿದೆ. ಬೇರೆ ಬೇರೆ ಖಂಡಗಳ 10 ಭಾಷೆಗಳನ್ನು ಹೋಲಿಸಿದ 2009ರ ಅಧ್ಯಯನವೊಂದರ ಪ್ರಕಾರ, ಒಬ್ಬರು ಕೇಳಿ ಇನ್ನೊಬ್ಬರು ಉತ್ತರಿಸುವ ನಡುವಿನ ಬಿಡುವು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದಷ್ಟು ಮಾತ್ರ. ಅದು ಸ್ವಲ್ಪ ಉದ್ದವಾದರೂ ಕೇಳಿದವರಿಗೆ “ಒಪ್ಪಿಗೆ ಇಲ್ಲ” ಎಂಬ ಶಂಕೆ ಹುಟ್ಟುತ್ತದೆ, ಯಾಕೆಂದರೆ ಒಲ್ಲೆ ಎನ್ನುವವರು ನಿಜವಾಗಿಯೂ ತಡೆದು ಉತ್ತರಿಸುತ್ತಾರೆ. ದನಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಲು 150 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು ಎಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸಲಹೆ ಮಾಡಿದೆ. ನೆಟ್ ಸರಿಯಿಲ್ಲದ ಇಂಟರ್‌ನೆಟ್ ಕರೆಯಲ್ಲಿ ಅದು ಸುಲಭವಾಗಿ ಮೀರುತ್ತದೆ. ಆಕೆಯ ಮಾತು ನಿಮ್ಮನ್ನು ತಲುಪುವ ತಡ, ನಿಮ್ಮ ಉತ್ತರ ಆಕೆಯನ್ನು ತಲುಪುವ ತಡ, ಎರಡೂ ಸೇರಿ ಆಕೆಯ ಕಿವಿಗೆ ನಿಮ್ಮ ಹಿಂಜರಿಕೆಯಾಗುತ್ತದೆ. ಅಷ್ಟರಲ್ಲಿ ಆಕೆ ಮುಂದಿನ ಮಾತು ಆರಂಭಿಸುತ್ತಾಳೆ, ನಿಮ್ಮ ಉತ್ತರ ಅದರ ಮೇಲೆ ಬೀಳುತ್ತದೆ, “ನನಗೆ ಮಾತನಾಡಲೇ ಬಿಡುವುದಿಲ್ಲ” ಎಂಬ ಇನ್ನೊಂದು ಆರೋಪ ಸೇರುತ್ತದೆ. ಎದುರೆದುರು ಇರುವಾಗ ಜಗಳವಿಲ್ಲ ಎಂದು ನೀವೇ ಬರೆದಿದ್ದೀರಿ; ಅದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

‘ಹೂಂ’ ಎಂಬುದು ಹೆಚ್ಚು ತೊಡಕಿನದ್ದು. ಡೇನಿಯಲ್ ಮಾಲ್ಟ್ಜ್ ಮತ್ತು ರುತ್ ಬೋರ್ಕರ್ ಎಂಬ ಮಾನವಶಾಸ್ತ್ರಜ್ಞರು 1982ರಲ್ಲಿ ಒಂದು ವಾದ ಮುಂದಿಟ್ಟರು: ಅಮೆರಿಕದ ಹೆಂಗಸರು ಇಂಥ ಸದ್ದನ್ನು “ಕೇಳುತ್ತಿದ್ದೇನೆ, ಹೇಳು” ಎಂಬರ್ಥದಲ್ಲಿಯೂ ಗಂಡಸರು “ಒಪ್ಪಿದೆ” ಎಂಬರ್ಥದಲ್ಲಿಯೂ ಹೊರಡಿಸುತ್ತಾರೆ, ಆದ್ದರಿಂದ ಗಂಡಸರಿಗೆ ಹೆಂಗಸರು ಎಲ್ಲಕ್ಕೂ ಒಪ್ಪಿದಂತೆ, ಹೆಂಗಸರಿಗೆ ಗಂಡಸರು ಕೇಳುತ್ತಲೇ ಇಲ್ಲವೆಂದಂತೆ ತೋರುತ್ತದೆ ಎಂಬುದು ಅವರ ವಿವರಣೆ. ಅದನ್ನು ಎಲ್ಲರೂ ಒಪ್ಪಿಲ್ಲ. ನಿಮ್ಮ ಮನೆಯಲ್ಲಂತೂ ಅದು ತಲೆಕೆಳಗಾಗಿದೆ. ನೀವು ಕೇಳುತ್ತಿದ್ದೇನೆ ಎಂದು ಹೂಂಗುಟ್ಟಿದ್ದೀರಿ, ಆಕೆ ಅದನ್ನು ಒಪ್ಪಿಗೆಯ ಮುದ್ರೆಯಾಗಿ ಇಟ್ಟುಕೊಂಡಿದ್ದಾಳೆ. ಮುಖ ಕಾಣುವಾಗ ಈ ಸದ್ದಿಗೆ ತಲೆಯಾಡಿಕೆ, ಹುಬ್ಬು, ನೋಟ ಎಲ್ಲವೂ ಒತ್ತಾಸೆಯಾಗಿರುತ್ತವೆ. ಫೋನಿನಲ್ಲಿ ಉಳಿಯುವುದು ಸದ್ದು ಒಂದೇ, ಅದೂ ಕುಗ್ಗಿದ್ದು: ಹಳೆಯ ಮಾದರಿಯ ಸಾಮಾನ್ಯ ಫೋನ್ ಕರೆ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಪಟ್ಟಿಯನ್ನು ಮಾತ್ರ ಸಾಗಿಸುತ್ತದೆ. ಗಂಡಸಿನ ದನಿಯ ಮೂಲ ಕಂಪನ ಆ ಪಟ್ಟಿಗಿಂತ ಕೆಳಗಿದೆ. ಮೇಲಿನ ಪದರಗಳಿಂದ ಮಿದುಳು ಅದನ್ನು ಊಹಿಸಿ ತುಂಬಿಕೊಳ್ಳುವುದರಿಂದ ನಿಮ್ಮ ದನಿ ನಿಮ್ಮದೇ ಎಂದು ಆಕೆಗೆ ಗುರುತು ಸಿಗುತ್ತದೆ, ಆದರೆ ಬಾಯಿ ಮುಚ್ಚಿ ಹೊರಡಿಸುವ ‘ಹೂಂ’ನಲ್ಲಿ ಆ ಮೇಲಿನ ಪದರಗಳೇ ಬಡವಾಗಿರುತ್ತವೆ. ಒಪ್ಪಿಗೆಯ ಹೂಂ, ಬೇಸರದ ಹೂಂ, ನಿದ್ದೆಯ ಹೂಂ, ಎಲ್ಲವೂ ಒಂದೇ ಆಗಿಬಿಡುತ್ತವೆ.

ಹಣ, ಮಕ್ಕಳ ಫೀಸು, ಮನೆಯ ಸಾಲ, ಹಿರಿಯರ ಆರೋಗ್ಯ, ಇಂಥ ವಿಷಯದಲ್ಲಿ ಹೂಂಗುಟ್ಟುವುದನ್ನು ಬಿಟ್ಟು “ಆಯಿತು, ಹಾಗೇ ಮಾಡು” ಅಥವಾ “ಕೇಳಿದೆ, ನಾಳೆ ಹೇಳುತ್ತೇನೆ” ಎಂದು ಪೂರ್ತಿ ವಾಕ್ಯ ಹೇಳಿ. ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಬರುತ್ತಾ ಕರೆ ಮಾಡುವ ರೂಢಿ ಇದ್ದರೆ ಅದನ್ನು ಕುಶಲ ವಿಚಾರಿಸಲು ಇಟ್ಟುಕೊಳ್ಳಿ. ದಣಿದ ಗಂಡಸಿನ ದನಿ ಏರಿಳಿತ ಕಳೆದುಕೊಂಡು ಒಂದೇ ಮಟ್ಟದಲ್ಲಿ ಸಾಗುತ್ತದೆ, ಕೇಳುವವಳಿಗೆ ಅದು ನಿರಾಸಕ್ತಿಯಂತೆಯೇ ಇರುತ್ತದೆ. ಮುಖ್ಯ ಮಾತು ರಜೆಯ ದಿನ, ವಿಡಿಯೋ ಕರೆಯಲ್ಲಿ ಆಗಲಿ.

ಪ್ರಶ್ನೆ: ಹವ್ಯಾಸಿ ತಾಳಮದ್ದಳೆ ಕೂಟದಲ್ಲಿ ನನಗೆ ಹೆಚ್ಚಾಗಿ ಸ್ತ್ರೀ ಪಾತ್ರದ ಅರ್ಥ (ಪದ್ಯಕ್ಕೆ ಪಾತ್ರವಾಗಿ ಹೇಳುವ ಮಾತು) ಬರುತ್ತದೆ. ನನ್ನದು ಗಡಸು ದನಿ. ಸಣ್ಣಗೆ ಮಾಡಿಕೊಂಡು ಹೇಳಬೇಕೇ?
— ಅರ್ಥಧಾರಿ, ಬ್ರಹ್ಮಾವರ

ಉತ್ತರ: ಬೇಡ. ಹೆಣ್ಣುದನಿ, ಗಂಡುದನಿ ಎಂದು ಕಿವಿ ಗುರುತಿಸುವುದು ಸ್ಥಾಯಿ ಒಂದರಿಂದಲೇ ಅಲ್ಲ. ಧ್ವನಿಪೆಟ್ಟಿಗೆಯಿಂದ ತುಟಿಯವರೆಗಿನ ಕೊಳವೆ ಗಂಡಸರಲ್ಲಿ ಸುಮಾರು 17 ಸೆಂಟಿಮೀಟರ್, ಹೆಂಗಸರಲ್ಲಿ ಅದಕ್ಕಿಂತ ಎರಡು ಮೂರು ಸೆಂಟಿಮೀಟರ್ ಗಿಡ್ಡ. ಆ ಕೊಳವೆಯ ಅನುರಣನವೂ ದನಿಗೆ ಬಣ್ಣ ಕೊಡುತ್ತದೆ. ನೀವು ತಂತುಗಳನ್ನು ಬಿಗಿದು ಸ್ಥಾಯಿಯನ್ನಷ್ಟೇ ಏರಿಸಿದರೆ ಕೊಳವೆ ಗಂಡಸಿನದ್ದೇ ಉಳಿಯುತ್ತದೆ, ಎರಡೂ ಕೂಡದೆ ಅದು ಅಣಕವಾಗುತ್ತದೆ. ಸಭೆಯಲ್ಲಿ ನಗು ಬರುವುದು ಅದಕ್ಕೇ.

ಈ ವಿಷಯದಲ್ಲಿ ತಾಳಮದ್ದಳೆಗಿಂತ ಒಳ್ಳೆಯ ಪ್ರಯೋಗಶಾಲೆ ನನಗೆ ಗೊತ್ತಿಲ್ಲ. ಅಲ್ಲಿ ವೇಷವಿಲ್ಲ, ಬಣ್ಣವಿಲ್ಲ, ಹೆಜ್ಜೆಯಿಲ್ಲ. ಶಾಲು ಹೊದ್ದ ಇಬ್ಬರು ಗಂಡಸರು ಎದುರುಬದುರು ಕೂತು, ಒಬ್ಬ ಭೀಷ್ಮನಾಗಿ ಇನ್ನೊಬ್ಬ ಅಂಬೆಯಾಗಿ ಮಾತಿಗಿಳಿಯುತ್ತಾರೆ. ಅಂಬೆ ಹೇಳುವವರ ಗಂಟಲು ಭೀಷ್ಮನಿಗಿಂತ ದಪ್ಪವಿದ್ದರೂ ಸ್ವಲ್ಪ ಹೊತ್ತಿನಲ್ಲಿ ಸಭೆಗೆ ಅದು ಮರೆತುಹೋಗುತ್ತದೆ. ಹಾಗಾಗುವುದು ಹೇಗೆ ಎಂದು ಗಮನವಿಟ್ಟು ಕೇಳಿದರೆ ತಿಳಿಯುತ್ತದೆ: ಒಳ್ಳೆಯ ಅರ್ಥಧಾರಿ ದನಿಯನ್ನು ತೆಳುವಾಗಿಸುವುದಿಲ್ಲ, ಅದರ ಭಾರವನ್ನು ಇಳಿಸುತ್ತಾನೆ. ಶಬ್ದದ ಮೊದಲ ಅಕ್ಷರವನ್ನು ಹೊಡೆದು ಹೇಳುವುದಿಲ್ಲ. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಜಾಗ ಬಿಡುತ್ತಾನೆ. ಅಂಬೆಯ ಸಿಟ್ಟು ಏರಿದಾಗ ಗಟ್ಟಿತನ ಏರದೆ ವೇಗ ಕಡಿಮೆಯಾಗುತ್ತದೆ. ಅದೇ ರೀತಿ ಕರಾವಳಿಯ ಮಹಿಳಾ ತಾಳಮದ್ದಳೆ ಕೂಟಗಳಲ್ಲಿ ರಾವಣನನ್ನೋ ಕರ್ಣನನ್ನೋ ಹೇಳುವ ಹೆಂಗಸರು ಗಂಟಲು ಗೊಗ್ಗರು ಮಾಡಿಕೊಳ್ಳುವುದಿಲ್ಲ. ಹಾಗೆ ಮಾಡುವವರು ಎರಡನೆಯ ಪದ್ಯದ ಅರ್ಥಕ್ಕೆ ಬರುವಾಗಲೇ ದಣಿದಿರುತ್ತಾರೆ. ಯಕ್ಷಗಾನದ ತೆಂಕುತಿಟ್ಟಿನ (ದಕ್ಷಿಣ ಶೈಲಿಯ) ಮೇಳಗಳಲ್ಲಿ ಲೀಲಾವತಿ ಬೈಪಾಡಿತ್ತಾಯರು ಭಾಗವತರಾಗಿ (ಹಾಡುಗಾರರಾಗಿ) ಪದ ಹೇಳಿದ್ದು ತಮ್ಮ ದನಿಯಲ್ಲಿಯೇ. ಗಂಡಸರ ದನಿಗೆ ಪಳಗಿದ್ದ ಕಿವಿಗಳು ಅದನ್ನು ಒಪ್ಪಿಕೊಂಡವು. ಸ್ತ್ರೀ ಪಾತ್ರ ಸಿಕ್ಕಾಗ ನೀವು ಅಭ್ಯಾಸ ಮಾಡಬೇಕಾದದ್ದು ವಾಕ್ಯಗಳ ನಡುವಿನ ಬಿಡುವನ್ನು.

ಪ್ರಶ್ನೆ: ವಯಸ್ಸು 70. ಮಗ ಹೇಳಿದ್ದು ನನಗೆ ಕೇಳಿಸುತ್ತದೆ, ಅಕ್ಕಪಕ್ಕದ ಗಂಡಸರು ಹೇಳಿದ್ದೂ ಕೇಳಿಸುತ್ತದೆ. ಹೆಂಡತಿಯ ಮತ್ತು ಮೊಮ್ಮಗಳ ಮಾತು ಮಾತ್ರ ಅರ್ಥವಾಗುವುದಿಲ್ಲ. ಕಿವಿ ಸರಿಯಾಗಿಯೇ ಇದೆ, ಅವಳೇ ಬಾಯೊಳಗೆ ಮಾತನಾಡುತ್ತಾಳೆ. ಅವಳು ಹೇಳುವುದು, “ಬೇಕಾದ್ದು ಕೇಳುತ್ತದೆ, ಬೇಡದ್ದು ಕೇಳುವುದಿಲ್ಲ” ಎಂದು.
— ನಿವೃತ್ತರು, ಸುರತ್ಕಲ್

ಉತ್ತರ: ನೀವು ಬರೆದ ರೀತಿಯಲ್ಲಿಯೇ ಉತ್ತರ ಇದೆ. ವಯಸ್ಸಾದಂತೆ ಒಳಕಿವಿಯಲ್ಲಿ ಮೊದಲು ಸೊರಗುವುದು ಎತ್ತರದ ಕಂಪನಗಳನ್ನು ಹಿಡಿಯುವ ಕೋಶಗಳು. ಮಾತಿನ ಗಟ್ಟಿತನ ಇರುವುದು ಸ್ವರಗಳಲ್ಲಿ, ಅವು ತಗ್ಗಿನಲ್ಲಿವೆ. ಅರ್ಥವನ್ನು ಬಿಡಿಸುವ ಸ, ಶ, ತ, ಕ ಮೊದಲಾದ ವ್ಯಂಜನಗಳ ಸೂಕ್ಷ್ಮ ಮೇಲಿದೆ, ಸಕಾರದ್ದಂತೂ 4000 ಹರ್ಟ್ಸ್‌ನ ಆಚೆಗೂ ಹೋಗುತ್ತದೆ. ಹೆಂಗಸರ ಮತ್ತು ಮಕ್ಕಳ ದನಿಯಲ್ಲಿ ಎಲ್ಲವೂ ಇನ್ನೊಂದಿಷ್ಟು ಮೇಲಕ್ಕೆ ಸರಿದಿರುವುದರಿಂದ ನಷ್ಟ ಮೊದಲು ತಟ್ಟುವುದು ಅವರ ಮಾತಿಗೆ. ನಿಮಗೆ ಸದ್ದು ಕೇಳಿಸುತ್ತದೆ, ಆದ್ದರಿಂದ ಕಿವಿ ಸರಿ ಇದೆ ಎಂದು ತೋರುತ್ತದೆ. ತಟ್ಟೆಯೋ ಕಟ್ಟೆಯೋ, ಸಾಲೋ ಹಾಲೋ ಎಂಬುದು ಬಿಡಿಸಿ ಬರುವುದಿಲ್ಲ. ತಲೆಯ ಮೇಲೆ ಫ್ಯಾನ್ ತಿರುಗುತ್ತಿದ್ದರೆ ಇನ್ನೂ ಕಷ್ಟ. ನಿಮ್ಮ ಮನೆಯವರು ಬಾಯೊಳಗೆ ಮಾತನಾಡುತ್ತಿಲ್ಲ, ನೀವು ಬೇಕೆಂದೇ ಕೇಳದಂತೆ ನಟಿಸುತ್ತಿಲ್ಲ.

ಅವರು ಇನ್ನಷ್ಟು ಕೂಗಿದರೆ ಪ್ರಯೋಜನವಿಲ್ಲ. ಕೂಗುವಾಗ ಹಿಗ್ಗುವುದು ಸ್ವರ, ವ್ಯಂಜನ ಅಲ್ಲ. ಅದಲ್ಲದೆ ಇಂಥ ಕಿವಿಗೆ ಸ್ವಲ್ಪ ಗಟ್ಟಿಯಾದದ್ದು ಕೇಳುವುದಿಲ್ಲ, ಮತ್ತೂ ಸ್ವಲ್ಪ ಏರಿಸಿದರೆ ಕಿವಿಗೆ ಹೊಡೆದಂತಾಗುತ್ತದೆ. “ಯಾಕೆ ಬೊಬ್ಬೆ ಹಾಕುತ್ತೀ” ಎಂದು ನೀವೂ, “ಮೆಲ್ಲಗೆ ಹೇಳಿದರೆ ಕೇಳುವುದಿಲ್ಲವಲ್ಲ” ಎಂದು ಅವರೂ ಹೇಳುವುದು ಇಲ್ಲಿಂದಲೇ. ಮುಖ ಕಾಣುವಂತೆ ಬೆಳಕಿನಲ್ಲಿ ಎದುರು ಬಂದು, ಸಾಮಾನ್ಯ ಗಟ್ಟಿತನದಲ್ಲಿ, ನಿಧಾನವಾಗಿ ಹೇಳಲಿ. ಅರ್ಥವಾಗದಿದ್ದರೆ ಅದೇ ಶಬ್ದವನ್ನು ಮತ್ತೆ ಹೇಳುವ ಬದಲು ಬೇರೆ ಶಬ್ದದಲ್ಲಿ ಹೇಳಲಿ. ನೀವು ಮಾಡಬೇಕಾದದ್ದು ಕಿವಿಯ ಗುಗ್ಗೆ ತೆಗೆಸಿಕೊಂಡು ಕಿವಿಗೆ ಎಷ್ಟು ಕೇಳುತ್ತದೆ ಎಂದು ಅಳೆಯುವ ಆಡಿಯೋಮೆಟ್ರಿ ಪರೀಕ್ಷೆ ಮಾಡಿಸುವುದು. ಮಂಗಳೂರು, ಮಣಿಪಾಲಗಳ ದೊಡ್ಡ ಆಸ್ಪತ್ರೆಗಳಲ್ಲೆಲ್ಲ ಇದು ಇದೆ, ನೋವಿಲ್ಲ. ಶ್ರವಣಯಂತ್ರ ಹೇಳಿದರೆ ಎರಡು ದಿನ ಹಾಕಿ ಕಪಾಟಿನಲ್ಲಿಡಬೇಡಿ. ಮರೆತ ಸದ್ದುಗಳಿಗೆ ಮಿದುಳು ಮತ್ತೆ ಒಗ್ಗಲು ವಾರಗಳೇ ಬೇಕಾಗುತ್ತವೆ.

ನಿಮ್ಮ ಪತ್ರಕ್ಕೆ ತದ್ವಿರುದ್ಧವಾದ ಇನ್ನೊಂದು ಪತ್ರವೂ ಬಂದಿದೆ: ಗಂಡನ ದನಿ ವರ್ಷದಿಂದ ಈಚೆಗೆ ಕುಗ್ಗುತ್ತಿದೆ, ಏರಿಳಿತವಿಲ್ಲ, ಕೇಳಿದರೆ ತಾನು ಗಟ್ಟಿಯಾಗಿಯೇ ಮಾತನಾಡುತ್ತಿದ್ದೇನೆ ಎನ್ನುತ್ತಾರೆ ಎಂದು ಕಟಪಾಡಿಯ ಒಬ್ಬರು ಬರೆದಿದ್ದಾರೆ. ಅದನ್ನು ವಯಸ್ಸಿನ ಮುನಿಸು ಎಂದು ಬಿಡಬಾರದು. ಪಾರ್ಕಿನ್ಸನ್ ಕಾಯಿಲೆಯಲ್ಲಿ ದನಿ ಹೀಗೆಯೇ ಮೆತ್ತಗಾಗುತ್ತದೆ, ರೋಗಿಗೆ ಅದರ ಅರಿವಿರುವುದಿಲ್ಲ. ಜೊತೆಗೆ ಕೈಬರಹ ಸಣ್ಣದಾಗಿದ್ದರೆ, ನಡೆಯುವಾಗ ಒಂದು ಕೈ ಬೀಸುವುದು ಕಡಿಮೆಯಾಗಿದ್ದರೆ ನರರೋಗ ತಜ್ಞರಿಗೆ ಬೇಗ ತೋರಿಸಿ. ದನಿಯನ್ನು ಗಟ್ಟಿಗೊಳಿಸುವ ವಿಶೇಷ ತರಬೇತಿಯನ್ನು ಸ್ಪೀಚ್ ಥೆರಪಿಸ್ಟ್‌ಗಳು ಕೊಡುತ್ತಾರೆ; ಅದನ್ನು ಔಷಧದ ಜೊತೆಗೇ ಆರಂಭಿಸುವುದು ಒಳ್ಳೆಯದು.